ಒಂದೇ ಬಾಗಿಲಿನ ಶಾಲೆ



ನೀವು ಹನ್ನೊಂದು ವರ್ಷದವರಾಗಿದ್ದಾಗ ಮುಂದೆ ಏನಾಗಬೇಕೆಂದುಕೊಂಡಿದ್ದಿರಿ ಎಂಬುದು ನೆನಪಿದೆಯೆ? ಒಂದು ವಾರ ವಿಮಾನ ಹಾರಿಸುವ ಆಸೆ, ಮರುವಾರ ಕ್ರಿಕೆಟ್ ಆಡುವ ಆಸೆ, ಇನ್ನೊಂದು ವಾರ ಊರ ಡಾಕ್ಟರರಂತಾಗುವ ಆಸೆ ಇದ್ದಿರಬಹುದು. ಆ ವಯಸ್ಸೇ ಹಾಗೆ. ಯಾವುದೂ ನಿಶ್ಚಯವಾಗಿರುವುದಿಲ್ಲ, ನಿಶ್ಚಯವಾಗಬೇಕಾದ ಅಗತ್ಯವೂ ಇರುವುದಿಲ್ಲ. ಆದರೆ ಅದೇ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ನಿಮ್ಮನ್ನು ಕೂರಿಸಿ, ಒಂದು ಪರೀಕ್ಷೆ ಕೊಟ್ಟು, ಅದರ ಫಲಿತಾಂಶದ ಮೇಲೆ "ಇವಳು ಕಾಲೇಜಿನ ದಾರಿಯವಳು, ಇವನು ಕಾರ್ಖಾನೆಯ ದಾರಿಯವನು" ಎಂದು ಬೇರೆ ಬೇರೆ ಶಾಲೆಗಳಿಗೆ ಕಳುಹಿಸಿದ್ದರೆ ಏನಾಗುತ್ತಿತ್ತು?

ಇದು ಕಲ್ಪನೆಯ ಮಾತಲ್ಲ. ಬ್ರಿಟನ್ನಿನಲ್ಲಿ ಎರಡನೆಯ ಮಹಾಯುದ್ಧದ ನಂತರ ಒಂದು ಇಡೀ ಪೀಳಿಗೆಯ ಮಕ್ಕಳಿಗೆ ಹೀಗೆಯೇ ಆಯಿತು. ಇದು ಸರಿಯಲ್ಲವೆಂದು ಕಂಡವರು ಅಲ್ಲಿ ಮತ್ತೊಂದು ಬಗೆಯ ಶಾಲೆಯನ್ನು ಕಟ್ಟಿದರು. ಅದರ ಹೆಸರು ಕಾಂಪ್ರೆಹೆನ್ಸಿವ್ ಶಾಲೆ. ಕನ್ನಡದಲ್ಲಿ ಸಮಗ್ರ ಪ್ರೌಢಶಾಲೆ ಎನ್ನಬಹುದು. ಇಲ್ಲಿ ಸಮಗ್ರವೆಂಬ ಮಾತು ಪಠ್ಯಕ್ಕೆ ಸಂಬಂಧಿಸಿದ್ದಲ್ಲ, ಮಕ್ಕಳಿಗೆ ಸಂಬಂಧಿಸಿದ್ದು. ಸುತ್ತಲಿನ ಬಡಾವಣೆಯ ಎಲ್ಲ ಮಕ್ಕಳೂ, ಚುರುಕಾದವರೂ ನಿಧಾನವಾಗಿ ಕಲಿಯುವವರೂ, ವೈದ್ಯರ ಮಗಳೂ ಬಸ್ ಚಾಲಕರ ಮಗನೂ, ಪ್ರವೇಶಪರೀಕ್ಷೆಯಿಲ್ಲದೆ ಒಂದೇ ಬಾಗಿಲಿನಿಂದ ಒಳಗೆ ಬರುವ ಶಾಲೆ ಅದು. ಹುಡುಗ ಹುಡುಗಿಯರು ಕೂಡಿ ಕಲಿಯುವಂತಿದ್ದರೆ ಅದನ್ನು ಮಿಶ್ರ ಸಮಗ್ರ ಶಾಲೆ ಎನ್ನುತ್ತಾರೆ. ಆ ಶಾಲೆಯ ಒಳಗಿನ ಜೀವನ ಎಂಥದು, ಅಲ್ಲಿ ಮೌಲ್ಯಗಳು ಎಲ್ಲಿ ನೆಲೆಸಿರುತ್ತವೆ ಎಂಬುದನ್ನು ಕುರಿತು ಇಂದು ನಿಮ್ಮೊಡನೆ ಕೆಲವು ಮಾತುಗಳನ್ನು ಹಂಚಿಕೊಳ್ಳುತ್ತೇನೆ.

ಮೊದಲು ಹಿನ್ನೆಲೆಯನ್ನು ನೋಡೋಣ. 1944ರಲ್ಲಿ, ಯುದ್ಧ ಇನ್ನೂ ಮುಗಿದಿರದಾಗಲೇ, ಬ್ರಿಟಿಷ್ ಪಾರ್ಲಿಮೆಂಟು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ ಶಿಕ್ಷಣ ಕಾಯಿದೆಯೊಂದನ್ನು ಅಂಗೀಕರಿಸಿತು. ಆಗ ಶಿಕ್ಷಣದ ಹೊಣೆ ಹೊತ್ತಿದ್ದ ಆರ್. ಎ. ಬಟ್ಲರ್ ಅವರ ಹೆಸರಿನಿಂದಲೇ ಅದು ಪ್ರಸಿದ್ಧವಾಗಿದೆ. ಸರ್ಕಾರದ ಪ್ರೌಢಶಾಲೆಗಳಲ್ಲಿ ಯಾವ ಮಗುವಿಗೂ ಶುಲ್ಕವಿಲ್ಲ ಎಂದು ಆ ಕಾಯಿದೆ ವಿಧಿಸಿತು. ಇದು ದೊಡ್ಡ ಹೆಜ್ಜೆ. ಅದುವರೆಗೆ ಹಣವಿಲ್ಲದ ಎಷ್ಟೋ ಮನೆಗಳ ಮಕ್ಕಳಿಗೆ ಪ್ರೌಢಶಾಲೆ ಕೈಗೆಟುಕದ ಹಣ್ಣಾಗಿತ್ತು.

ಆದರೆ ಕಾಯಿದೆಯನ್ನು ಜಾರಿಗೆ ತಂದ ಬಗೆಯಲ್ಲಿ ಒಂದು ತೊಡಕಿತ್ತು. ಮಕ್ಕಳಲ್ಲಿ ಮೂರು ಬಗೆಯ ಮನಸ್ಸುಗಳಿವೆ, ಆದ್ದರಿಂದ ಮೂರು ಬಗೆಯ ಶಾಲೆಗಳು ಬೇಕು ಎಂಬುದು ಆ ಕಾಲದ ಅಧಿಕಾರಿಗಳ ನಂಬಿಕೆ. ಪುಸ್ತಕದ ವಿದ್ಯೆಗೆ ಒಲಿದವರಿಗೆ ಗ್ರಾಮರ್ ಶಾಲೆ, ಯಂತ್ರಗಳ ಕಡೆಗೆ ಒಲವಿರುವವರಿಗೆ ತಾಂತ್ರಿಕ ಶಾಲೆ, ಉಳಿದವರಿಗೆಲ್ಲ ಸೆಕೆಂಡರಿ ಮಾಡರ್ನ್ ಶಾಲೆ. ತಾಂತ್ರಿಕ ಶಾಲೆಗಳನ್ನು ಬಹುತೇಕ ಕಡೆಗಳಲ್ಲಿ ತೆರೆಯಲೇ ಇಲ್ಲ. ಹೀಗಾಗಿ ಉಳಿದದ್ದು ಎರಡೇ ದಾರಿ. ಯಾರು ಯಾವ ದಾರಿಗೆ ಎಂಬುದನ್ನು ಹನ್ನೊಂದರ ವಯಸ್ಸಿನ ಆಸುಪಾಸಿನಲ್ಲಿ ನಡೆಯುತ್ತಿದ್ದ ಒಂದು ಪರೀಕ್ಷೆ ತೀರ್ಮಾನಿಸುತ್ತಿತ್ತು. ಅದಕ್ಕೆ ಇಲೆವೆನ್ ಪ್ಲಸ್ ಎಂದು ಹೆಸರು. ಗಣಿತ, ಇಂಗ್ಲಿಷ್, ಅದರ ಜೊತೆಗೆ ಬುದ್ಧಿಶಕ್ತಿಯನ್ನು ಅಳೆಯುತ್ತದೆಂದು ನಂಬಲಾಗಿದ್ದ ಒಂದಿಷ್ಟು ಪ್ರಶ್ನೆಗಳು. ಅದರಲ್ಲಿ ಗೆದ್ದು ಗ್ರಾಮರ್ ಶಾಲೆಗೆ ಹೋಗುತ್ತಿದ್ದವರು ಸುಮಾರಾಗಿ ನಾಲ್ಕೈದು ಮಕ್ಕಳಲ್ಲಿ ಒಬ್ಬರು.

ಉಳಿದವರನ್ನು ಯಾರೂ ನಪಾಸಾದವರೆಂದು ಅಧಿಕೃತವಾಗಿ ಕರೆಯಲಿಲ್ಲ. ಆದರೆ ಬೀದಿಯಲ್ಲಿ, ಮನೆಯಲ್ಲಿ, ಮಕ್ಕಳ ಬಾಯಲ್ಲಿ ಅದಕ್ಕಿದ್ದ ಹೆಸರು ಅದೇ. ಒಂದೇ ಮನೆಯ ಅಣ್ಣ ಒಂದು ಸಮವಸ್ತ್ರ ತೊಟ್ಟು ಒಂದು ದಿಕ್ಕಿಗೆ, ತಂಗಿ ಇನ್ನೊಂದು ಸಮವಸ್ತ್ರ ತೊಟ್ಟು ಇನ್ನೊಂದು ದಿಕ್ಕಿಗೆ ಹೋಗಬೇಕಾಗುತ್ತಿತ್ತು. ಸೆಕೆಂಡರಿ ಮಾಡರ್ನ್ ಶಾಲೆಗೆ ಹೋದವರಲ್ಲಿ ಹೆಚ್ಚಿನವರು ಹದಿನೈದು ತುಂಬಿದೊಡನೆ ಶಾಲೆ ಬಿಡುತ್ತಿದ್ದರು. ಅವರಲ್ಲಿ ಬಹುಪಾಲು ಜನರ ಕೈಯಲ್ಲಿ ಯಾವುದೇ ಸಾರ್ವಜನಿಕ ಪರೀಕ್ಷೆಯ ಪ್ರಮಾಣಪತ್ರ ಇರುತ್ತಿರಲಿಲ್ಲ.

ಈ ಜರಡಿ ನ್ಯಾಯವಾಗಿತ್ತೆ? ಕಾಲಕ್ರಮದಲ್ಲಿ ಸಂಶಯಗಳು ಎದ್ದವು. ಗ್ರಾಮರ್ ಶಾಲೆಗಳಲ್ಲಿದ್ದ ಸ್ಥಾನಗಳ ಸಂಖ್ಯೆ ಜಿಲ್ಲೆಯಿಂದ ಜಿಲ್ಲೆಗೆ ಬಹಳ ಬೇರೆಯಾಗಿತ್ತು. ಒಂದೇ ಅಂಕ ಪಡೆದ ಮಗು ಒಂದೂರಿನಲ್ಲಿ ಪಾಸು, ಪಕ್ಕದೂರಿನಲ್ಲಿ ನಪಾಸು. 1957ರಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಶಿಕ್ಷಣ ಸಂಶೋಧನಾ ಪ್ರತಿಷ್ಠಾನದ ಪರಿಶೀಲನೆಯೊಂದು, ಇದ್ದುದರಲ್ಲಿ ಒಳ್ಳೆಯ ಪರೀಕ್ಷಾಕ್ರಮವನ್ನು ಬಳಸಿದರೂ ಸುಮಾರು ಹತ್ತರಲ್ಲಿ ಒಂದು ಮಗು ತನಗೆ ತಕ್ಕುದಲ್ಲದ ಶಾಲೆಗೆ ಹೋಗುತ್ತದೆಂದು ತೋರಿಸಿತು. ಹತ್ತರಲ್ಲಿ ಒಂದೆಂದರೆ ಕಡಿಮೆಯೆ? ನಿಮ್ಮ ತರಗತಿಯಲ್ಲಿ ನಲವತ್ತು ಜನರಿದ್ದರೆ ಅದು ನಾಲ್ವರು. ಆ ನಾಲ್ವರಲ್ಲಿ ನೀವೂ ಒಬ್ಬರಾಗಿದ್ದರೆ?

ಹೆಣ್ಣುಮಕ್ಕಳ ವಿಷಯದಲ್ಲಿ ಅನ್ಯಾಯ ಇನ್ನೂ ಸ್ಪಷ್ಟವಾಗಿತ್ತು. ಹನ್ನೊಂದರ ವಯಸ್ಸಿನಲ್ಲಿ ಹುಡುಗಿಯರು ಒಟ್ಟಾರೆ ಹುಡುಗರಿಗಿಂತ ಹೆಚ್ಚು ಅಂಕ ಗಳಿಸುತ್ತಿದ್ದರು. ಅಂಕಗಳನ್ನಷ್ಟೇ ನೋಡಿದರೆ ಗ್ರಾಮರ್ ಶಾಲೆಗಳಲ್ಲಿ ಹುಡುಗಿಯರೇ ಹೆಚ್ಚಾಗುತ್ತಾರೆಂದು ಅನೇಕ ಕಡೆಗಳಲ್ಲಿ ಎರಡು ಪಟ್ಟಿಗಳನ್ನು ಬೇರೆ ಬೇರೆಯಾಗಿ ಮಾಡುತ್ತಿದ್ದರು. ಅದರ ಫಲವಾಗಿ, ಆಯ್ಕೆಯಾದ ಹುಡುಗನಿಗಿಂತ ಹೆಚ್ಚು ಅಂಕ ಪಡೆದ ಹುಡುಗಿ ಹೊರಗೆ ಉಳಿಯುತ್ತಿದ್ದಳು. ಹುಡುಗರಿಗೆ ಗ್ರಾಮರ್ ಶಾಲೆಯ ಸ್ಥಾನಗಳು ಹೆಚ್ಚು, ಹುಡುಗಿಯರಿಗೆ ಕಡಿಮೆ ಎಂಬ ಏರ್ಪಾಡು ಕಾನೂನಿಗೆ ವಿರುದ್ಧವೆಂದು ಬರ್ಮಿಂಗ್‌ಹ್ಯಾಮ್ ನಗರದ ಪ್ರಕರಣವೊಂದರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠ ಹೇಳಿದ್ದು 1989ರಲ್ಲಿ.

ಇಂಥ ಅಸಮಾಧಾನಗಳ ನಡುವೆ ಸಮಗ್ರ ಶಾಲೆಗಳು ಒಂದೊಂದಾಗಿ ತಲೆಯೆತ್ತಿದವು. ವೇಲ್ಸ್‌ನ ಆಂಗಲ್‌ಸೀ ದ್ವೀಪದ ಹೋಲಿಹೆಡ್ ಊರಿನಲ್ಲಿ 1949ರಲ್ಲಿಯೇ ಇಂಥ ಶಾಲೆ ಆರಂಭವಾಯಿತು. 1954ರಲ್ಲಿ ಲಂಡನ್ನಿನ ಕಿಡ್‌ಬ್ರೂಕ್‌ನಲ್ಲಿ ಇದಕ್ಕಾಗಿಯೇ ಕಟ್ಟಿದ ದೊಡ್ಡ ಶಾಲೆ ತೆರೆಯಿತು, ಆದರೆ ಅದು ಹುಡುಗಿಯರಿಗೆ ಮಾತ್ರ. 1958ರಲ್ಲಿ ತೆರೆದ ಹಾಲೆಂಡ್ ಪಾರ್ಕ್ ಶಾಲೆ ಹುಡುಗ ಹುಡುಗಿಯರಿಬ್ಬರಿಗೂ ಇದ್ದ ಸಮಗ್ರ ಶಾಲೆ. 1965ರ ಜುಲೈಯಲ್ಲಿ ಶಿಕ್ಷಣ ಸಚಿವ ಆಂಥನಿ ಕ್ರಾಸ್‌ಲೆಂಡ್ ಅವರ ಇಲಾಖೆ ಹತ್ತರ ಅರವತ್ತೈದು ಎಂಬ ಸಂಖ್ಯೆಯ ಸುತ್ತೋಲೆಯನ್ನು ಹೊರಡಿಸಿ, ಆಯ್ಕೆಯ ಪದ್ಧತಿಯನ್ನು ಬಿಟ್ಟು ಸಮಗ್ರ ಶಾಲೆಗಳ ಯೋಜನೆ ಹಾಕಿಕೊಳ್ಳುವಂತೆ ಸ್ಥಳೀಯ ಶಿಕ್ಷಣ ಸಂಸ್ಥೆಗಳನ್ನು ಕೋರಿತು. ಆಜ್ಞಾಪಿಸಲಿಲ್ಲ, ಕೋರಿತು. 1970ರಲ್ಲಿ ಸರ್ಕಾರ ಬದಲಾಯಿತು. ಹೊಸ ಶಿಕ್ಷಣ ಸಚಿವೆ ಮಾರ್ಗರೆಟ್ ಥ್ಯಾಚರ್ ಆ ಸುತ್ತೋಲೆಯನ್ನು ಹಿಂತೆಗೆದುಕೊಂಡರು. ಆದರೂ ಅಲೆ ನಿಲ್ಲಲಿಲ್ಲ. ಅವರ ಅಧಿಕಾರಾವಧಿಯಲ್ಲೇ ಬಹು ದೊಡ್ಡ ಸಂಖ್ಯೆಯ ಶಾಲೆಗಳು ಸಮಗ್ರ ಶಾಲೆಗಳಾದವು. ಏಕೆಂದರೆ ತಮ್ಮ ಮಗು ಸೆಕೆಂಡರಿ ಮಾಡರ್ನ್ ಶಾಲೆಗೆ ಬೀಳಬಹುದೆಂಬ ಭಯ ಬಡವರಿಗಷ್ಟೇ ಅಲ್ಲ, ಮಧ್ಯಮ ವರ್ಗದ ತಂದೆತಾಯಂದಿರಿಗೂ ಇತ್ತು.

ಇನ್ನು ಶಾಲೆಯ ಒಳಗೆ ಹೋಗೋಣ. ಹನ್ನೊಂದು ವರ್ಷದ ಹುಡುಗಿಯೊಬ್ಬಳು ಇಂದು ಇಂಗ್ಲೆಂಡಿನ ಇಂಥ ಶಾಲೆಗೆ ಸೇರಿದಳೆಂದು ಭಾವಿಸಿ. ಸಾವಿರ, ಸಾವಿರದೈನೂರು ಮಕ್ಕಳ ಶಾಲೆ. ಅಲ್ಲಿ ಅವಳು ಕಳೆದುಹೋಗಬಾರದು ಎಂಬುದಕ್ಕೆ ಮೊದಲ ಏರ್ಪಾಡು ಅವಳ ತಂಡ. ಇಪ್ಪತ್ತೈದು ಮೂವತ್ತು ಮಕ್ಕಳ ಒಂದು ಗುಂಪು, ಅದಕ್ಕೊಬ್ಬರು ಅಧ್ಯಾಪಕರು. ದಿನವೂ ಅವರು ಹಾಜರಿ ಕರೆಯುತ್ತಾರೆ. ಹಾಜರಿ ಪುಸ್ತಕ ತುಂಬುವುದಷ್ಟೇ ಅವರ ಕೆಲಸವಲ್ಲ. ಯಾರ ಮುಖ ಬಾಡಿದೆ, ಯಾರು ಮೂರು ದಿನದಿಂದ ಬಂದಿಲ್ಲ, ಯಾರ ಮನೆಯಲ್ಲಿ ಏನು ಕಷ್ಟ ಎಂಬುದನ್ನು ಗಮನಿಸುವುದೂ ಅವರ ಹೊಣೆ. ಅವರ ಮೇಲೆ ಆ ವರ್ಷದ ಎಲ್ಲ ತಂಡಗಳನ್ನು ನೋಡಿಕೊಳ್ಳುವ ಮುಖ್ಯಸ್ಥರೊಬ್ಬರು. ಪಾಠ ಹೇಳುವುದು ಎಷ್ಟು ಮುಖ್ಯವೋ ಮಗುವಿನ ಯೋಗಕ್ಷೇಮವೂ ಅಷ್ಟೇ ಮುಖ್ಯವೆಂದು ಒಪ್ಪಿ, ಅದಕ್ಕಾಗಿ ವೇಳೆಯನ್ನೂ ಜನರನ್ನೂ ಮೀಸಲಿಡುವುದು ಈ ಶಾಲೆಗಳ ದೊಡ್ಡ ಗುಣ.

ಮಧ್ಯಾಹ್ನದ ಊಟಕ್ಕೆ ಬನ್ನಿ. ಅಲ್ಲಿ ಬಡ ಕುಟುಂಬದ ಮಕ್ಕಳಿಗೆ ಊಟ ಉಚಿತ, ಉಳಿದವರು ಹಣ ಕೊಡಬೇಕು. ಹಿಂದೆ ಎಷ್ಟೋ ಶಾಲೆಗಳಲ್ಲಿ ಉಚಿತ ಊಟದವರಿಗೆ ಬೇರೆ ಚೀಟಿ, ಕೆಲವೆಡೆ ಬೇರೆ ಸಾಲು. ಹಸಿವೆಯಿದ್ದರೂ ನಾಚಿಕೆಯಿಂದ ಆ ಸಾಲಿಗೆ ನಿಲ್ಲದ ಮಕ್ಕಳಿದ್ದರು. ಈಗ ಅನೇಕ ಶಾಲೆಗಳಲ್ಲಿ ಎಲ್ಲರೂ ಒಂದೇ ಬಗೆಯ ಕಾರ್ಡನ್ನು ತೋರಿಸಿ ತಟ್ಟೆ ಪಡೆಯುತ್ತಾರೆ. ಯಾರ ಊಟಕ್ಕೆ ಯಾರು ಹಣ ಕೊಟ್ಟರೆಂಬುದು ಯಂತ್ರಕ್ಕೆ ಗೊತ್ತು, ಹಿಂದೆ ನಿಂತ ಗೆಳತಿಗೆ ಗೊತ್ತಾಗುವುದಿಲ್ಲ. ನೋಡಿ, ಮನುಷ್ಯನ ಘನತೆಯನ್ನು ಕಾಪಾಡಬೇಕು ಎಂದು ಗೋಡೆಯ ಮೇಲೆ ಬರೆಯುವುದು ಸುಲಭ. ಊಟದ ಸಾಲನ್ನು ಬದಲಾಯಿಸುವುದು ಅದಕ್ಕಿಂತ ದೊಡ್ಡ ಕೆಲಸ.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಶಾಲೆಯ ಮೌಲ್ಯಗಳನ್ನು ಅದರ ಧ್ಯೇಯವಾಕ್ಯದಲ್ಲಿ ಹುಡುಕಬೇಡಿ. ವೇಳಾಪಟ್ಟಿಯಲ್ಲಿ, ಊಟದ ಸಾಲಿನಲ್ಲಿ, ಪ್ರಯೋಗಾಲಯದ ಮೇಜಿನಲ್ಲಿ ಹುಡುಕಿ. ಹೊರಗಿನ ಬಾಗಿಲು ಒಂದೇ ಆದಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಒಳಗೆ ಮತ್ತೆ ಎಷ್ಟು ಬಾಗಿಲುಗಳಿವೆ, ಅವು ಯಾರಿಗೆ ತೆರೆಯುತ್ತವೆ ಎಂಬುದು ಮುಂದಿನ ಪ್ರಶ್ನೆ. ಸಮಗ್ರ ಶಾಲೆಗಳ ಚರಿತ್ರೆಯೆಂದರೆ ಈ ಒಳಬಾಗಿಲುಗಳ ಚರಿತ್ರೆಯೇ.

ಮೊದಲನೆಯ ಒಳಬಾಗಿಲು, ತರಗತಿಗಳ ವಿಂಗಡಣೆ. ಹೊರಗೆ ಆಯ್ಕೆ ಬೇಡವೆಂದ ಎಷ್ಟೋ ಶಾಲೆಗಳು ಒಳಗೆ ಮಕ್ಕಳನ್ನು ಮೇಲಿನ, ನಡುವಿನ, ಕೆಳಗಿನ ಪಂಗಡಗಳೆಂದು ಬೇರ್ಪಡಿಸಿದವು. ಸ್ಟೀಫನ್ ಬಾಲ್ ಎಂಬ ಸಮಾಜವಿಜ್ಞಾನಿ ಇಂಥದೊಂದು ಮಿಶ್ರ ಸಮಗ್ರ ಶಾಲೆಯಲ್ಲಿದ್ದುಕೊಂಡು ಕಂಡದ್ದನ್ನು 1981ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಶಾಲೆಯ ನಿಜವಾದ ಹೆಸರನ್ನು ಮರೆಮಾಡಿ ಬೀಚ್‌ಸೈಡ್ ಎಂದು ಕರೆದರು. ಅಲ್ಲಿ ಎರಡನೆಯ ಪಂಗಡಕ್ಕೆ ಸೇರಿಸಲ್ಪಟ್ಟ ಮಕ್ಕಳು ಶಾಲೆಗೆ ಬಂದ ಹೊಸದರಲ್ಲಿ ಉಳಿದವರಷ್ಟೇ ಉತ್ಸಾಹಿಗಳಾಗಿದ್ದರು. ದಿನ ಕಳೆದಂತೆ ಅವರು ತುಂಟರ ಪಂಗಡವೆಂದೇ ಹೆಸರಾದರು. ಅಧ್ಯಾಪಕರು ಅವರಿಂದ ಕಡಿಮೆ ನಿರೀಕ್ಷಿಸಿದರು, ಮಕ್ಕಳು ಆ ನಿರೀಕ್ಷೆಗೆ ತಕ್ಕಂತೆ ನಡೆದರು. ಶಾಲೆ ಆ ಪಂಗಡಗಳನ್ನು ಬಿಟ್ಟು ಎಲ್ಲರನ್ನೂ ಬೆರೆಸಿ ಕೂರಿಸಿದಾಗ ಗಲಾಟೆ ಇಳಿಯಿತು. ಆದರೆ ಬೆರೆತು ಕುಳಿತ ತರಗತಿಯಲ್ಲಿಯೂ ಜಾಣರು, ಮಂದರು ಎಂಬ ಗುರುತು ಅಧ್ಯಾಪಕರ ಮನಸ್ಸಿನಿಂದ ಅಳಿದುಹೋಗಲಿಲ್ಲ ಎಂಬುದನ್ನೂ ಬಾಲ್ ದಾಖಲಿಸಿದರು. ಬೆಂಚುಗಳನ್ನು ಬೆರೆಸುವುದಕ್ಕಿಂತ ಮನಸ್ಸನ್ನು ಬದಲಾಯಿಸುವುದು ಕಷ್ಟ.

ಪರೀಕ್ಷೆಯೂ ಇಂಥದೇ ಒಂದು ಒಳಬಾಗಿಲಾಗಿತ್ತು. 1965ರಿಂದ ಹದಿನಾರರ ವಯಸ್ಸಿನ ಮಕ್ಕಳಿಗೆ ಎರಡು ಬೇರೆ ಬೇರೆ ಪರೀಕ್ಷೆಗಳಿದ್ದವು. ಓ ಲೆವೆಲ್ ಎಂಬುದು ಮೇಲಿನದು, ಸಿ.ಎಸ್.ಇ. ಎಂಬುದು ಅದರ ಕೆಳಗಿನದು. ಒಂದೇ ಶಾಲೆಯ ಮಕ್ಕಳನ್ನು ಹದಿನಾಲ್ಕರ ಹೊತ್ತಿಗೆ ಇವರು ಅದಕ್ಕೆ, ಅವರು ಇದಕ್ಕೆ ಎಂದು ಹಂಚಬೇಕಾಗಿತ್ತು. ಹನ್ನೊಂದರಲ್ಲಿ ಬೇಡವೆಂದ ತೀರ್ಪು ಹದಿನಾಲ್ಕರಲ್ಲಿ ಬಂದು ನಿಂತಂತಾಯಿತು. ಈ ಎರಡನ್ನೂ ಸೇರಿಸಿ ಜಿ.ಸಿ.ಎಸ್.ಇ. ಎಂಬ ಒಂದೇ ಪರೀಕ್ಷೆಯನ್ನು ರೂಪಿಸಿದರು. ಮೊದಲ ತಂಡ ಅದಕ್ಕೆ ಕುಳಿತದ್ದು 1988ರಲ್ಲಿ. ಇಂದಿಗೂ ಗಣಿತ, ವಿಜ್ಞಾನಗಳಲ್ಲಿ ಸಾಮರ್ಥ್ಯಕ್ಕೆ ತಕ್ಕಂತೆ ಗುಂಪು ಮಾಡುವ ಶಾಲೆಗಳು ಬಹಳ ಇವೆ. ಅದು ಪೂರ್ತಿ ತಪ್ಪೆಂದು ನಾನು ಹೇಳುವುದಿಲ್ಲ. ಬೀಜಗಣಿತದಲ್ಲಿ ಹಿಂದುಳಿದವನಿಗೆ ನಿಧಾನವಾಗಿ ಕಲಿಸಲೇಬೇಕು. ಗುಂಪು ಬದಲಾಯಿಸಲು ದಾರಿಯಿದೆಯೆ, ಒಳ್ಳೆಯ ಅಧ್ಯಾಪಕರು ಕೆಳಗಿನ ಗುಂಪಿಗೂ ಪಾಠ ಹೇಳುತ್ತಾರೆಯೆ ಎಂಬುದರ ಮೇಲೆ ಅದರ ನ್ಯಾಯ ನಿಂತಿದೆ.

ಎರಡನೆಯ ಒಳಬಾಗಿಲು, ಹುಡುಗ ಹುಡುಗಿಯರ ನಡುವಣದು. ಒಂದೇ ಶಾಲೆ, ಒಂದೇ ಅಂಗಳ. ಆದರೆ ಮಧ್ಯಾಹ್ನದ ಗಂಟೆ ಬಾರಿಸಿದೊಡನೆ ಹುಡುಗರು ಮರಗೆಲಸದ ಕೊಠಡಿಗೆ, ಹುಡುಗಿಯರು ಅಡುಗೆ ಮತ್ತು ಹೊಲಿಗೆಯ ಕೊಠಡಿಗೆ. ಬಹುಕಾಲ ಇದನ್ನು ಯಾರೂ ಪ್ರಶ್ನಿಸಲಿಲ್ಲ. 1975ರ ಲಿಂಗ ತಾರತಮ್ಯ ವಿರೋಧಿ ಕಾಯಿದೆ ಬಂದ ಮೇಲೆ ಹುಡುಗಿ ಎಂಬ ಕಾರಣಕ್ಕೆ ಒಬ್ಬಳಿಗೆ ಲೋಹಗೆಲಸದ ತರಗತಿಯನ್ನು ನಿರಾಕರಿಸುವಂತಿರಲಿಲ್ಲ. 1988ರ ಕಾಯಿದೆಯಿಂದ ಬಂದ ರಾಷ್ಟ್ರೀಯ ಪಠ್ಯಕ್ರಮ ತಂತ್ರಜ್ಞಾನವನ್ನೂ ವಿಜ್ಞಾನವನ್ನೂ ಇಬ್ಬರಿಗೂ ಕಡ್ಡಾಯ ಮಾಡಿತು. ಹುಡುಗನೂ ಹಿಟ್ಟು ಕಲಸಬೇಕು, ಹುಡುಗಿಯೂ ಗರಗಸ ಹಿಡಿಯಬೇಕು. ಚಿಕ್ಕ ಸಂಗತಿಯೆನ್ನುತ್ತೀರಾ? ಯಾವ ಕೆಲಸ ಯಾರದು ಎಂಬ ಪಾಠವನ್ನು ಮಕ್ಕಳು ಪುಸ್ತಕದಿಂದ ಕಲಿಯುವುದಿಲ್ಲ. ಯಾರನ್ನು ಯಾವ ಕೊಠಡಿಗೆ ಕಳುಹಿಸುತ್ತಾರೆ ಎಂಬುದರಿಂದ ಕಲಿಯುತ್ತಾರೆ.

ಕೂಡಿ ಕಲಿಯುವುದರ ಲಾಭನಷ್ಟಗಳ ಬಗ್ಗೆಯೂ ಅಲ್ಲಿ ಬಹಳ ಚರ್ಚೆ ನಡೆದಿದೆ. ಆರ್. ಆರ್. ಡೇಲ್ ಎಂಬ ಸಂಶೋಧಕರು 1969ರಿಂದ 1974ರವರೆಗೆ ಮೂರು ಸಂಪುಟಗಳಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿ, ಮಿಶ್ರ ಶಾಲೆಗಳಲ್ಲಿ ವಿದ್ಯಾರ್ಥಿಗಳೂ ಅಧ್ಯಾಪಕರೂ ಹೆಚ್ಚು ಸಂತೋಷದಿಂದಿರುತ್ತಾರೆ, ಓದಿಗೂ ಹಾನಿಯಿಲ್ಲ ಎಂದರು. ಸುಮಾರು ಹತ್ತು ವರ್ಷಗಳ ಅನಂತರ ಡೇಲ್ ಸ್ಪೆಂಡರ್ ಎಂಬ ಲೇಖಕಿ ಇನ್ನೊಂದು ಮುಖವನ್ನು ತೋರಿಸಿದರು. ಮಿಶ್ರ ತರಗತಿಯಲ್ಲಿ ಅಧ್ಯಾಪಕರ ಗಮನ ಹೆಚ್ಚಾಗಿ ಹುಡುಗರ ಪಾಲಾಗುತ್ತದೆ, ಎರಡು ಕಡೆಗೂ ಸಮನಾಗಿ ನೋಡುತ್ತಿದ್ದೇನೆಂದು ಅಧ್ಯಾಪಕರು ನಂಬಿದ್ದಾಗಲೂ ಹಾಗಾಗುತ್ತದೆ ಎಂಬುದು ಅವರ ವಾದ. ನಾಳೆ ನಿಮ್ಮ ತರಗತಿಯಲ್ಲಿ ಇದನ್ನೇ ಗಮನಿಸಿ ನೋಡಿ. ಪ್ರಶ್ನೆ ಕೇಳಿದಾಗ ಮೊದಲು ಉತ್ತರ ಕೂಗುವವರು ಯಾರು? ಪ್ರಯೋಗಾಲಯದಲ್ಲಿ ಉಪಕರಣ ಮುಟ್ಟುವವರು ಯಾರು, ಪಕ್ಕದಲ್ಲಿ ನಿಂತು ಅಂಕಿಗಳನ್ನು ಬರೆದುಕೊಳ್ಳುವವರು ಯಾರು? ಅಕ್ಕಪಕ್ಕ ಕುಳಿತದ್ದು ಸಹಶಿಕ್ಷಣದ ಆರಂಭ ಮಾತ್ರ. ಉಪಕರಣ ಕೈಯಿಂದ ಕೈಗೆ ಸಾಗಿದಾಗ ಅದು ಪೂರ್ತಿಯಾಗುತ್ತದೆ.

ಮೂರನೆಯದು ಶಿಸ್ತು. ಬ್ರಿಟನ್ನಿನ ಶಾಲೆಗಳಲ್ಲಿ ಬೆತ್ತಕ್ಕೆ ದೀರ್ಘ ಇತಿಹಾಸವಿದೆ. ಸ್ಕಾಟ್ಲೆಂಡಿನಲ್ಲಿ ಬೆತ್ತದ ಬದಲು ಚರ್ಮದ ಪಟ್ಟಿ. ಲಂಡನ್ನಿನ ಬಡ ಭಾಗದಲ್ಲಿ 1960ರಲ್ಲಿ ತೆರೆದ ರೈಸಿಂಗ್‌ಹಿಲ್ ಎಂಬ ಮಿಶ್ರ ಸಮಗ್ರ ಶಾಲೆಯ ಮುಖ್ಯೋಪಾಧ್ಯಾಯ ಮೈಕೆಲ್ ಡ್ವೇನ್ ಬೆತ್ತವನ್ನು ಕೈಬಿಟ್ಟು ಮಾತಿನಿಂದ, ಸ್ನೇಹದಿಂದ ಶಾಲೆ ನಡೆಸಲು ಹೊರಟರು. ಹಲವು ದೇಶಗಳಿಂದ ಬಂದ ಕುಟುಂಬಗಳ ಮಕ್ಕಳು ಅಲ್ಲಿದ್ದರು. ಡ್ವೇನ್ ಅವರನ್ನು ಮೆಚ್ಚಿದವರೂ ಇದ್ದರು, ಶಾಲೆ ಹಿಡಿತ ತಪ್ಪಿದೆ ಎಂದವರೂ ಇದ್ದರು. ಮಕ್ಕಳೂ ಪೋಷಕರೂ ಪ್ರತಿಭಟಿಸಿದರೂ 1965ರಲ್ಲಿ ಆ ಶಾಲೆಯನ್ನು ಮುಚ್ಚಲಾಯಿತು. ಆದರೆ ಪ್ರಶ್ನೆ ಮುಚ್ಚಿಹೋಗಲಿಲ್ಲ. ತಮ್ಮ ಮಕ್ಕಳನ್ನು ಶಾಲೆಯಲ್ಲಿ ಹೊಡೆಯಕೂಡದೆಂದು ಸ್ಕಾಟ್ಲೆಂಡಿನ ಇಬ್ಬರು ತಾಯಂದಿರು ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋದರು. 1982ರಲ್ಲಿ ತೀರ್ಪು ಅವರ ಪರವಾಗಿ ಬಂತು. 1986ರ ಕಾಯಿದೆ ಸರ್ಕಾರದ ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿತು, 1987ರಿಂದ ಅದು ಜಾರಿಗೆ ಬಂತು. ನಮ್ಮ ದೇಶದಲ್ಲಿಯೂ 2009ರ ಶಿಕ್ಷಣ ಹಕ್ಕು ಕಾಯಿದೆ ಮಗುವಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ ಎಂಬುದನ್ನು ನೀವು ತಿಳಿದಿರಬೇಕು.

ಬೆತ್ತವಿಲ್ಲದೆ ಶಿಸ್ತು ಬರುತ್ತದೆಯೆ ಎಂದು ಕೇಳುವವರಿಗೆ ಒಂದು ಒಳ್ಳೆಯ ಉತ್ತರ 1979ರಲ್ಲಿಯೇ ಬಂದಿತ್ತು. ಮಕ್ಕಳ ಮನೋವೈದ್ಯ ಮೈಕೆಲ್ ರಟ್ಟರ್ ಮತ್ತು ಅವರ ಸಂಗಡಿಗರು ಲಂಡನ್ ನಗರದೊಳಗಿನ ಹನ್ನೆರಡು ಪ್ರೌಢಶಾಲೆಗಳನ್ನು ವರ್ಷಗಟ್ಟಲೆ ಅಭ್ಯಸಿಸಿದರು. ಆ ಪುಸ್ತಕದ ಹೆಸರಿನ ಅರ್ಥ ಹದಿನೈದು ಸಾವಿರ ಗಂಟೆಗಳು. ಐದನೆಯ ವಯಸ್ಸಿನಿಂದ ಶಾಲೆ ಬಿಡುವವರೆಗೆ ಒಂದು ಮಗು ಶಾಲೆಯಲ್ಲಿ ಕಳೆಯುವ ಕಾಲ ಸುಮಾರು ಅಷ್ಟು. ಒಂದೇ ಬಗೆಯ ಬಡಾವಣೆಗಳಿಂದ ಮಕ್ಕಳನ್ನು ಪಡೆದ ಶಾಲೆಗಳಲ್ಲಿಯೂ ಹಾಜರಿ, ನಡತೆ, ಫಲಿತಾಂಶಗಳಲ್ಲಿ ದೊಡ್ಡ ವ್ಯತ್ಯಾಸ ಕಂಡಿತು. ಕಟ್ಟಡ ಹೊಸದೋ ಹಳೆಯದೋ ಎಂಬುದು ಅಷ್ಟಾಗಿ ಲೆಕ್ಕಕ್ಕೆ ಬರಲಿಲ್ಲ. ಲೆಕ್ಕಕ್ಕೆ ಬಂದದ್ದು ಬೇರೆ ಸಂಗತಿಗಳು. ಅಧ್ಯಾಪಕರು ಪಾಠವನ್ನು ವೇಳೆಗೆ ಸರಿಯಾಗಿ ಆರಂಭಿಸುತ್ತಾರೆಯೆ? ಮನೆಗೆಲಸ ಕೊಟ್ಟು ಅದನ್ನು ನೋಡುತ್ತಾರೆಯೆ? ಒಳ್ಳೆಯ ಕೆಲಸವನ್ನು ಮೆಚ್ಚಿ ಹೇಳುತ್ತಾರೆಯೆ? ಮಕ್ಕಳು ಬರೆದದ್ದು ಗೋಡೆಯ ಮೇಲಿದೆಯೆ? ಕೊಠಡಿಗಳು ಚೊಕ್ಕಟವಾಗಿವೆಯೆ? ಕೆಲವೇ ಜನರಿಗಲ್ಲದೆ ಬಹಳಷ್ಟು ಮಕ್ಕಳಿಗೆ ಏನಾದರೊಂದು ಜವಾಬ್ದಾರಿ ಕೊಟ್ಟಿದ್ದಾರೆಯೆ? ಇವು ಇದ್ದ ಶಾಲೆಗಳಲ್ಲಿ ಮಕ್ಕಳು ಚೆನ್ನಾಗಿ ನಡೆದುಕೊಂಡರು, ಚೆನ್ನಾಗಿ ಓದಿದರು. ಇವುಗಳಲ್ಲಿ ಒಂದಕ್ಕೂ ಬೆತ್ತ ಬೇಕಿಲ್ಲ.

ಆದರೆ ಆ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತು. ಶಾಲೆಗೆ ಸೇರುವ ಮಕ್ಕಳಲ್ಲಿ ಓದಿನಲ್ಲಿ ಮುಂದಿರುವವರು ಸಾಕಷ್ಟು ಸಂಖ್ಯೆಯಲ್ಲಿದ್ದರೆ ಅದರ ಲಾಭ ಎಲ್ಲರಿಗೂ ಸಿಗುತ್ತದೆ. ಹಾಗಿಲ್ಲದೆ ಒಂದು ಶಾಲೆಯಲ್ಲಿ ಕಷ್ಟವಿರುವ ಮಕ್ಕಳೇ ತುಂಬಿದರೆ ಅಧ್ಯಾಪಕರು ಎಷ್ಟು ದುಡಿದರೂ ಹೊರೆ ಹೆಚ್ಚು. ಸಮಗ್ರ ಶಾಲೆಗಳ ದೊಡ್ಡ ಕೊರತೆ ಇಲ್ಲಿಯೇ ಇದೆ. ಬಡಾವಣೆಯ ಮಕ್ಕಳೆಲ್ಲ ಒಂದೇ ಶಾಲೆಗೆ ಎಂದರೆ, ಬಡಾವಣೆಯೇ ಶ್ರೀಮಂತರದೋ ಬಡವರದೋ ಆಗಿದ್ದರೆ ಶಾಲೆಯೂ ಹಾಗೆಯೇ ಆಗುತ್ತದೆ. ಒಳ್ಳೆಯ ಹೆಸರಿರುವ ಶಾಲೆಯ ಸುತ್ತ ಮನೆಗಳ ಬೆಲೆ ಏರುತ್ತದೆ. ಹಿಂದೆ ಪರೀಕ್ಷೆ ಮಾಡುತ್ತಿದ್ದ ಆಯ್ಕೆಯನ್ನು ಈಗ ಮನೆಯ ಬೆಲೆ ಮಾಡುತ್ತದೆ ಎಂದು ವಿಮರ್ಶಕರು ಹೇಳುವುದು ಸುಳ್ಳಲ್ಲ. ಶುಲ್ಕ ಕೊಡುವ ಖಾಸಗಿ ಶಾಲೆಗಳೂ ಉಳಿದುಕೊಂಡಿವೆ. ಇಂಗ್ಲೆಂಡಿನಲ್ಲಿ 163 ಗ್ರಾಮರ್ ಶಾಲೆಗಳು ಇಂದಿಗೂ ಪರೀಕ್ಷೆಯ ಮೂಲಕ ಮಕ್ಕಳನ್ನು ಆಯ್ದುಕೊಳ್ಳುತ್ತವೆ, 1998ರ ಕಾಯಿದೆ ಹೊಸದಾಗಿ ತೆರೆಯುವುದನ್ನು ಮಾತ್ರ ತಡೆದಿದೆ. ಅಲ್ಲಿ ಓದಿದ ಬಡ ಮನೆಯ ಮಕ್ಕಳು ಕೆಲವರು ಬಹಳ ಎತ್ತರಕ್ಕೆ ಏರಿದ್ದಾರೆ, ಆ ಏಣಿಯನ್ನು ತೆಗೆದುಬಿಟ್ಟಿರೆಂಬ ದೂರೂ ಇದೆ. ಆ ದೂರನ್ನು ಕೇಳುವಾಗ, ಏಣಿಯ ಬುಡದಲ್ಲಿ ಉಳಿದ ನಾಲ್ಕು ಮಕ್ಕಳನ್ನೂ ನೆನೆಯಬೇಕು. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳ ಸರ್ಕಾರಿ ವ್ಯವಸ್ಥೆ ಮಾತ್ರ ಪೂರ್ತಿಯಾಗಿ ಸಮಗ್ರ ಶಾಲೆಗಳದು.

ಇಷ್ಟು ದೂರದ ದೇಶದ ಶಾಲೆಯ ಮಾತು ನಮಗೇಕೆ ಎಂದು ನೀವು ಕೇಳಬಹುದು. ಕಾರಣವಿದೆ. ಬ್ರಿಟನ್ನಿನಲ್ಲಿ ಆ ಸುತ್ತೋಲೆ ಹೊರಟ ದಿನಗಳಲ್ಲಿಯೇ ನಮ್ಮ ದೇಶದಲ್ಲಿ ಡಾ. ದೌಲತ್ ಸಿಂಗ್ ಕೊಠಾರಿಯವರ ಅಧ್ಯಕ್ಷತೆಯಲ್ಲಿ ಶಿಕ್ಷಣ ಆಯೋಗ ಕೆಲಸ ಮಾಡುತ್ತಿತ್ತು. ಲಂಡನ್ ವಿಶ್ವವಿದ್ಯಾನಿಲಯದ ಶಿಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದ ಎಚ್. ಎಲ್. ಎಲ್ವಿನ್ ಆ ಆಯೋಗದ ಸದಸ್ಯರಲ್ಲೊಬ್ಬರು. 1966ರಲ್ಲಿ ಸಲ್ಲಿಸಿದ ವರದಿಯಲ್ಲಿ ಆಯೋಗ ಎಲ್ಲರಿಗೂ ಸಮಾನವಾದ ಶಾಲಾ ವ್ಯವಸ್ಥೆಯನ್ನೂ, ಸುತ್ತಮುತ್ತಲಿನ ಎಲ್ಲ ಮಕ್ಕಳೂ ಜಾತಿ, ಮತ, ಹಣದ ಭೇದವಿಲ್ಲದೆ ಸೇರುವ ನೆರೆಹೊರೆಯ ಶಾಲೆಯನ್ನೂ ಶಿಫಾರಸು ಮಾಡಿತು. 1968ರ ರಾಷ್ಟ್ರೀಯ ಶಿಕ್ಷಣ ನೀತಿ ಸಮಾನ ಶಾಲೆಯ ಗುರಿಯನ್ನು ಒಪ್ಪಿಕೊಂಡಿತು. ಆ ಗುರಿ ಇನ್ನೂ ದೂರವೇ ಇದೆ. ಒಂದೇ ಬೀದಿಯ ಮಕ್ಕಳು ಬೆಳಿಗ್ಗೆ ಬೇರೆ ಬೇರೆ ಬಣ್ಣದ ವ್ಯಾನುಗಳಲ್ಲಿ, ಬೇರೆ ಬೇರೆ ಶಾಲೆಗಳಿಗೆ ಹೋಗುವುದನ್ನು ನೀವು ನಿತ್ಯ ನೋಡುತ್ತೀರಿ. ಕೆಲವರು ನಡೆದು ಸರ್ಕಾರಿ ಶಾಲೆಗೆ ಹೋಗುತ್ತಾರೆ. ಸಂಜೆ ಅವರೆಲ್ಲ ಒಂದೇ ಬೀದಿಯಲ್ಲಿ ಆಡುತ್ತಾರೋ ಇಲ್ಲವೋ, ನೀವೇ ಹೇಳಬೇಕು.

ಇಡೀ ವ್ಯವಸ್ಥೆಯನ್ನು ಬದಲಾಯಿಸುವುದು ನಿಮ್ಮೊಬ್ಬರ ಕೈಯಲ್ಲಿಲ್ಲ. ಆದರೆ ಒಳಬಾಗಿಲುಗಳಲ್ಲಿ ಕೆಲವು ನಿಮ್ಮ ಕೈಯಲ್ಲೇ ಇವೆ. ಕೊನೆಯ ಬೆಂಚಿನವನನ್ನು ದಡ್ಡನೆಂದು ಕರೆಯುವ ರೂಢಿ ನಿಮ್ಮ ತರಗತಿಯಲ್ಲಿದ್ದರೆ ಅದನ್ನು ನಿಲ್ಲಿಸಲು ಯಾವ ಕಾಯಿದೆಯೂ ಬೇಕಿಲ್ಲ. ಪ್ರಯೋಗಾಲಯದಲ್ಲಿ ಇಂದು ಉಪಕರಣ ಹಿಡಿದವರು ನಾಳೆ ಅದನ್ನು ಪಕ್ಕದವಳಿಗೆ ಕೊಡಬಹುದು. ಹೊಸದಾಗಿ ಬಂದು ಒಂಟಿಯಾಗಿ ಬುತ್ತಿ ಬಿಚ್ಚುವ ಹುಡುಗನ ಪಕ್ಕಕ್ಕೆ ನಿಮ್ಮ ಬುತ್ತಿಯನ್ನೂ ಒಯ್ಯಬಹುದು. ನಿಮ್ಮಲ್ಲಿ ಕೆಲವರು ಮುಂದೆ ಅಧ್ಯಾಪಕರಾಗುತ್ತೀರಿ, ಕೆಲವರು ಅಧಿಕಾರಿಗಳಾಗುತ್ತೀರಿ, ಎಲ್ಲರೂ ಮತದಾರರಾಗುತ್ತೀರಿ. ಆಗ ಒಂದು ಮಗುವಿನ ಹಣೆಬರಹವನ್ನು ಹನ್ನೊಂದರ ವಯಸ್ಸಿಗೇ ಬರೆಯಲು ಯಾರಾದರೂ ಹೊರಟರೆ, ತಾಳಿ, ಇನ್ನೂ ಸಮಯವಿದೆ ಎಂದು ಹೇಳುವ ಧೈರ್ಯ ನಿಮಗಿರಲಿ.

ಮಕ್ಕಳೆಲ್ಲ ಒಂದೇ ಸಮನಾಗಿ ಕಲಿಯುತ್ತಾರೆಂದು ಸಮಗ್ರ ಶಾಲೆ ಎಂದೂ ಹೇಳಲಿಲ್ಲ. ಯಾರು ಯಾವಾಗ ಅರಳುತ್ತಾರೆಂದು ಮೊದಲೇ ಹೇಳಲು ಬರುವುದಿಲ್ಲ, ಆದ್ದರಿಂದ ಯಾರ ಬಾಗಿಲನ್ನೂ ಬೇಗ ಮುಚ್ಚಬೇಡಿ ಎಂಬುದಷ್ಟೇ ಅದರ ಮಾತು. ಆ ಮಾತನ್ನು ಅದು ಎಷ್ಟೋ ಸಲ ಪಾಲಿಸಿತು, ಎಷ್ಟೋ ಸಲ ಪಾಲಿಸಲಾರದೆ ಹೋಯಿತು. ನಿಮ್ಮ ಶಾಲೆ, ನಿಮ್ಮ ಕಾಲೇಜು ಅದನ್ನು ಎಷ್ಟರಮಟ್ಟಿಗೆ ಪಾಲಿಸುತ್ತಿದೆ ಎಂಬುದನ್ನು ನಾಳೆ ಬೆಳಿಗ್ಗೆ ಗೇಟು ದಾಟಿ ಒಳಗೆ ಹೋಗುವಾಗ ಒಮ್ಮೆ ಗಮನಿಸಿ.